ಡಬ್ಬಿಯ ಮೇಲಿನ ಕ್ಯಾರಿಯರ್

ಕುಕನೂರಿನ ಮುದುಕಪ್ಪನ ಪಿಕಪ್ ಗಾಡಿಗೆ ನೆತ್ತಿಯ ಮೇಲೆ ಸಾಮಾನು ಹೇರುವ ಕ್ಯಾರಿಯರ್ ಒಂದನ್ನು ಬಿಟ್ಟು ಎಲ್ಲವೂ ಇತ್ತು. ಹಿಂಬದಿಗೆ ತಗಡಿನ ಗೂಡು ಕಟ್ಟಿಸಿ, ಮಂದಿ ಕೂರಲು ಒಳಗೆ ಎರಡು ಹಲಗೆ ಹಾಕಿಸಿದ್ದ. ಆ ಗೂಡನ್ನು ಅವನು ಪ್ರೀತಿಯಿಂದ ‘ಡಬ್ಬಿ’ ಎನ್ನುತ್ತಿದ್ದ. ಆರು ತಿಂಗಳಿಂದ ಅದರೊಳಗೆ ಗಿರಾಕಿಗಳಿಗಿಂತ ಓಣಿಯ ಕೋಳಿಗಳೇ ಹೆಚ್ಚು ಕೂತಿದ್ದವು.

ಒಂದು ಮುಂಜಾನೆ ದುರಗಮ್ಮ ಅವನ ಬಾಗಿಲಿಗೆ ಬಂದಳು. ಗಂಗಾವತಿ ಕಡೆಗೆ ಭತ್ತದ ನಾಟಿಗೆ ಹೆಣ್ಣಾಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಆಕೆ.

“ನಾಳಿ ಮುಂಜಾನಿ ಹನ್ನೆರಡು ಮಂದಿ, ಹನ್ನೆರಡು ಗಂಟು. ಮಂದಿ ಒಳಗ ಕುಂದ್ರಬೇಕು, ಗಂಟು ಮ್ಯಾಲ ಇರಬೇಕು. ಕ್ಯಾರಿಯರ್ ಇದ್ರ ಈ ಸಲದ ಎಲ್ಲಾ ಟ್ರಿಪ್ಪೂ ನಿಂದ. ಇಲ್ಲಂದ್ರ ರಫೀ ಟೆಂಪೋ ಐತಿ.”

ಆಕೆ ಹೋದಮೇಲೆ ಒಳಗಿನಿಂದ ಹೆಂಡತಿ ಗಾಳೆಮ್ಮ ಬಂದಳು. “ಕೇಳಿದ್ರಿಲ್ಲೋ? ಇದೂ ಕೈಬಿಟ್ಟು ಹೋತಂದ್ರ ಗಾಡಿ ಮಾರೂದ. ನಮ್ಮಣ್ಣ ಗಿರಾಕಿ ಹುಡುಕಿ ಇಟ್ಟಾನ. ನೀವು ಮತ್ತ ಮಂದಿ ಟ್ರ್ಯಾಕ್ಟರ್ ಹೊಡೀರಿ.”

ಹತ್ತು ವರ್ಷ ಮಂದಿಯ ಟ್ರ್ಯಾಕ್ಟರ್ ಹೊಡೆದು ಮುದುಕಪ್ಪ ಒಂದು ದಿನ ತನ್ನದೆಂದು ತಂದ ಗಾಡಿ ಅದು. ಹೇಗಾದರೂ ಮಾಡಿ ಸಂಜೆಯೊಳಗೆ ಅಗ್ಗದ ಕ್ಯಾರಿಯರ್ ಒಂದನ್ನು ಹುಟ್ಟಿಸಲೇಬೇಕಿತ್ತು. ಹುರಿಯೊಂದನ್ನು ತಂದು ಗಾಡಿಯ ನೆತ್ತಿ ಅಳೆದ. ಉದ್ದಕ್ಕೊಂದು, ಅಗಲಕ್ಕೊಂದು ಗಂಟು ಹಾಕಿ, ಡೀಸೆಲ್ ಉಳಿಸಲೆಂದು ಗಾಡಿಯನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿದ.

ಯಲಬುರ್ಗಾದ ಗ್ಯಾರೇಜೊಂದರಲ್ಲಿ ಪಲ್ಟಿ ಹೊಡೆದ ಟ್ರ್ಯಾಕ್ಸ್ ಗಾಡಿಯ ಕ್ಯಾರಿಯರ್ ಕಾಲುಗಳು ನಾಲ್ಕು ಸಿಕ್ಕವು. ಮೂರು ನೆಟ್ಟಗಿದ್ದವು, ಒಂದು ನಮಸ್ಕಾರ ಮಾಡುತ್ತಿತ್ತು. ಅಗ್ಗಕ್ಕೆ ಸಿಕ್ಕ ಖುಷಿಯಲ್ಲಿ ಕೊಪ್ಪಳದ ಬಸ್ಸು ಹತ್ತಿ, ಹುರಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದ.

ಎಚ್ಚರವಾದಾಗ ಪಕ್ಕದ ಸೀಟಿನ ಅಜ್ಜ ಹುರಿಯನ್ನು ಅಚ್ಚುಕಟ್ಟಾಗಿ ಸುತ್ತಿ ಅವನ ಕೈಗೆ ಕೊಟ್ಟ. “ಛಲೋ ಹುರಿ ಐತಪಾ. ಗಂಟು ಬಿದ್ದು ಹಾಳಾಗಿತ್ತು. ಒಂದು ಉಗರಿಂದ ಬಿಚ್ಚಿದೆ, ಇನ್ನೊಂದಕ್ಕ ಹಲ್ಲ ಹಚ್ಚಬೇಕಾತು.”

ಇದ್ದ ಮೂರು ಹಲ್ಲುಗಳಿಂದ ಉಪಕಾರ ಮಾಡಿದವನಿಗೆ ಬೈಯುವುದು ಹೇಗೆ? “ಭಾಳ ಉಪಕಾರಾತ್ರಿ” ಎಂದು ಮುದುಕಪ್ಪ ಇಳಿದ.

ಕೊಪ್ಪಳದ ದೊಡ್ಡ ಅಂಗಡಿಯಲ್ಲಿ ಹೊಸ ಕ್ಯಾರಿಯರ್ ಥಳಥಳ ಹೊಳೆಯುತ್ತಿತ್ತು. ಬೆಲೆ ಕೇಳಿದ. ಅಲ್ಲೇ ಸ್ಟೂಲಿನ ಮೇಲೆ ಕೂತು ನೀರು ಕೇಳಿ ಕುಡಿದ. ಆಮೇಲೆ ಗುಜರಿ ಅಂಗಡಿಗೆ ಹೋಗಿ, ಯಾವುದೋ ಕಾಲದ ಕಬ್ಬಿಣದ ಮಂಚವೊಂದನ್ನು ತೂಕಕ್ಕೆ ತಂದು ವೆಲ್ಡರ್ ಕಾಸೀಮಸಾಬನ ಮುಂದೆ ಹಾಕಿದ.

“ಮಂಚ ಕೊಯ್ದು ಕ್ಯಾರಿಯರ್ ಮಾಡ್ತೀನಿ. ಅದೇನ ದೊಡ್ಡದಲ್ಲ. ಅಳತಿ ಹೇಳು.” ಮುದುಕಪ್ಪ ಗಂಟಿಲ್ಲದ ಹುರಿಯನ್ನು ಚಾಚಿದ. ಕಾಸೀಮಸಾಬ ಅದನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, “ಗಾಡಿ ಬಸ್ಸಿನಷ್ಟು ಐತೇನು?” ಎಂದ.

ಮೊಬೈಲ್ ಆಗಿನ್ನೂ ಗುತ್ತಿಗೆದಾರರ ಕಿವಿಗಷ್ಟೇ ಬಂದಿದ್ದ ಕಾಲ. ಮುದುಕಪ್ಪನ ಮನೆಯೆದುರು ಬೀಡಿ, ಎಲೆಯಡಿಕೆ ಮಾರುವ ಜೋಹರಾಬಿಯ ಅಂಗಡಿಯಲ್ಲಿ ಒಂದು ರೂಪಾಯಿ ಹಾಕುವ ಫೋನಿತ್ತು. ಅವನು ಎಸ್‌ಟಿಡಿ ಬೂತಿಗೆ ಓಡಿ ಅದಕ್ಕೆ ಫೋನ್ ಹಚ್ಚಿದ.

“ಚಾಚೀ, ನಾ ಮುದುಕಪ್ಪ. ಡಬ್ಬಿ ಮ್ಯಾಲಿನ ಅಳತಿ ಬೇಕಾಗೈತಿ, ಉದ್ದ, ಅಗಲ. ಲಗೂನ!”

“ಡಬ್ಬೀದಾ? ಯಾಕಪಾ?”

“ಮ್ಯಾಲ ಕಬ್ಬಿಣದ್ದೊಂದು ಕುಂದರ್ಸಾಕ. ಈಗ ಏನೂ ಕೇಳಬ್ಯಾಡ, ಇಲ್ಲಿ ಮೀಟರ್ ಓಡಾಕತ್ತೈತಿ!” ಎಂದು ಫೋನಿಟ್ಟ.

ಕಾಲು ಗಂಟೆ ಬಿಟ್ಟು ಮತ್ತೆ ಮಾಡಿದಾಗ, ಪಕ್ಕದಂಗಡಿಯ ಟೇಲರ್ ಇಬ್ರಾಹಿಂಸಾಬನೇ ಫೋನೆತ್ತಿಕೊಂಡ. “ನಾನ ಟೇಪ್ ಹಿಡದೀನಿ, ಚಿಂತಿ ಬಿಡು. ಎಪ್ಪತ್ತೆಂಟಿಂಚು, ಎಪ್ಪತ್ತೆರಡಿಂಚು. ತೊಳದ ಮ್ಯಾಲ ಕುಗ್ಗತೈತಂತ ಒಂದಿಂಚು ಹೆಚ್ಚಿಗಿ ಬಿಟ್ಟೀನಿ.”

“ಸಾಬ್ರ, ಕಬ್ಬಿಣ ಕುಗ್ಗಂಗಿಲ್ರಿ.”

“ಎಲ್ಲಾರೂ ಮೊದ್ಲ ಹಂಗ ಅಂತಾರ.”

ಟೇಲರನ ಅಳತೆಯೆಂದಮೇಲೆ ಮಾತೇ ಇಲ್ಲ ಎಂದು ಮುದುಕಪ್ಪ ನಿಶ್ಚಿಂತನಾದ. ಕಾಸೀಮಸಾಬ ಬೆಸುಗೆ ಹಾಕಿ, ಬಗ್ಗಿದ ಕಾಲಿಗೆ ನಾಲ್ಕು ಸುತ್ತಿಗೆ ಏಟು ಕೊಟ್ಟು, ನಾಲ್ಕು ತಾಸಿನಲ್ಲಿ ಕ್ಯಾರಿಯರ್ ಮಾಡಿ ನಿಲ್ಲಿಸಿದ. ಅದು ಕುಕನೂರಿಗೆ ಬಂದದ್ದು ಬಸ್ಸಿನ ನೆತ್ತಿಯ ಮೇಲೆ. ಕ್ಯಾರಿಯರ್ ಮೇಲೆ ಕ್ಯಾರಿಯರ್ ಕಂಡ ಕಂಡಕ್ಟರು ಇದಕ್ಕೆ ಲಗೇಜ್ ಚೀಟಿ ಹರಿಯಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ಹರಿದೇಬಿಟ್ಟ.

ಸಂಜೆ ಓಣಿಯ ಮಂದಿಯೆಲ್ಲ ಸೇರಿ ಕ್ಯಾರಿಯರನ್ನು ಗಾಡಿಯ ಮೇಲೇರಿಸಿದರು. ಉದ್ದಕ್ಕೆ ಗೇಣು ಕಡಿಮೆ, ಅಗಲಕ್ಕೆ ಮೊಳ ಹೆಚ್ಚು. ಎರಡೂ ಬದಿಯ ಕಾಲುಗಳು ಗಾಳಿಯಲ್ಲಿ ಜೋತಾಡಿದವು. ಒಬ್ಬ ಕಾಲು ಕೊಯ್ಯಲು ಹೇಳಿದ, ಇನ್ನೊಬ್ಬ ಗಾಡಿಯನ್ನೇ ಹಿಗ್ಗಿಸಬೇಕೆಂದ.

“ನನ್ನ ಅಳತಿ ಇಪ್ಪತ್ತು ವರ್ಸದಾಗ ತಪ್ಪಿಲ್ಲ!” ಇಬ್ರಾಹಿಂಸಾಬ ಟೇಪು ಹಿಡಿದು ದುಡುದುಡು ನಡೆದ. ಹೋದದ್ದು ಗಾಡಿಯ ಹತ್ತಿರಕ್ಕಲ್ಲ, ಜೋಹರಾಬಿಯ ಅಂಗಡಿಯ ಹತ್ತಿರ. ಅದರ ತಗಡಿನ ನೆತ್ತಿಗೆ ಟೇಪು ಹಿಡಿದು, “ನೋಡ್ರಿ ಎಲ್ಲಾರೂ. ಎಪ್ಪತ್ತೇಳು, ಹೆಚ್ಚಿಗಿ ಬಿಟ್ಟದ್ದೊಂದು, ಎಪ್ಪತ್ತೆಂಟು ಹೌದೋ ಅಲ್ಲೋ?” ಎಂದ.

ಮುದುಕಪ್ಪ ಜೋಹರಾಬಿಯ ಕಡೆ ತಿರುಗಿದ. ಜೋಹರಾಬಿ ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಕೆಳಗಿಟ್ಟಳು. “ಡಬ್ಬಿ ಅಂದಿ, ಡಬ್ಬಿ ಅಳತಿ ಮಾಡ್ಸೀನಿ. ಊರ ಮಂದೆಲ್ಲಾ ಇದಕ್ಕ ಡಬ್ಬಿ ಅಂಗಡಿ ಅಂತಾರ. ಮುಂಜಾನಿಂದ ಸಂಜಿತನಾ ಇದರಾಗ ಕುಂದ್ರಾಕಿ ನಾ, ನನಗ ಬ್ಯಾರೆ ಡಬ್ಬಿ ಯಾವುದಪಾ? ಪಾಪ, ನನಗ ಏನೋ ತರಾಕತ್ಯಾನ ಅಂದ್ಕೊಂಡಿದ್ನಿ.”

ಸರಿಮಾಡಿಸೋಣವೆಂದರೆ ಕರೆಂಟು ಹೋಗಿತ್ತು, ಮರುದಿನ ಮಧ್ಯಾಹ್ನದವರೆಗೆ ಬರುವುದಿಲ್ಲವೆಂದು ಸುದ್ದಿ. ನಾಲ್ಕು ಜನ ಸೇರಿ, ಪರೀಕ್ಷೆಗೆಂದು ಕ್ಯಾರಿಯರನ್ನು ಡಬ್ಬಿ ಅಂಗಡಿಯ ಮೇಲಿಟ್ಟು ನೋಡಿದರು. ಹೇಳಿ ಮಾಡಿಸಿದಂತೆ ಕೂತಿತು. ಮತ್ತೆ ಇಳಿಸಲು ಯಾರಿಗೂ ಸೊಂಟವಿರಲಿಲ್ಲ.

ಬೆಳಗಾಗುತ್ತಲೇ ದುರಗಮ್ಮ ಮಂದಿಯೊಂದಿಗೆ ಬಂದಳು. ಗಾಡಿಯ ಬೋಳು ನೆತ್ತಿ ನೋಡಿ ರಫೀಗೆ ಹೇಳಿಕಳಿಸಿದಳು. ಅವನು ಬರುವವರೆಗೆ ರೊಟ್ಟಿ ಗಂಟುಗಳಿಗೆ ನಾಯಿ ಬಾಯಿ ಹಾಕದಿರಲೆಂದು ಹನ್ನೆರಡನ್ನೂ ಡಬ್ಬಿ ಅಂಗಡಿಯ ಮೇಲಿನ ಕ್ಯಾರಿಯರಿಗೆ ಎಸೆಯಿಸಿದಳು. ಕ್ಯಾರಿಯರ್ ಅಲುಗಲಿಲ್ಲ.

ರಫೀಯ ಟೆಂಪೋ ಬಂದು ಪಕ್ಕದಲ್ಲಿ ನಿಂತಿತು. ಅವನು ಏಣಿ ಇಳಿಸಿ ಅಂಗಡಿಗೆ ಒರಗಿಸಿದ.

“ಮುದುಕಪ್ಪಾ, ಏರು” ಎಂದಳು ದುರಗಮ್ಮ. “ನಿನ್ನ ಕ್ಯಾರಿಯರ್ ಐತಿ, ಎಲ್ಲಿ ಕಾಲಿಡಬೇಕಂತ ನಿನಗ ಗೊತ್ತು. ಒಂದೊಂದ ಗಂಟು ರಫೀ ಕೈಯಾಗ ಕೊಡು. ಕ್ಯಾರಿಯರ್ ಮಾತ್ರ ಗಟ್ಟಿ ಮಾಡ್ಸಿ ನೋಡಪಾ.”

ಮುದುಕಪ್ಪ ಏರಿದ. ತನ್ನದಾಗಬೇಕಿದ್ದ ಹನ್ನೆರಡು ಗಂಟುಗಳನ್ನು ಒಂದೊಂದಾಗಿ ರಫೀಗೆ ದಾಟಿಸಿದ. ಕೊನೆಯ ಗಂಟು ಕೊಡುವಾಗ ಅವನಿಗೆ ಅಳುವೇ ಬಂದಿತ್ತು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಟೆಂಪೋ ಗಂಗಾವತಿಯ ದಾರಿ ಹಿಡಿದಿತ್ತು, ಅದರೊಂದಿಗೆ ಏಣಿಯೂ.

ಕೆಳಗೆ ಗಾಳೆಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನ್ರಿ, ಮೊದ್ಲ ಏಣಿ ತರ್ಲೋ, ಗಾಡಿ ಕೊಳ್ಳೋ ಗಿರಾಕೀನ ಕರ್ಕೊಂಡು ಬರ್ಲೋ?”