ನಮ್ಮ ಯಜಮಾನರು ಮೆತ್ತಗಾದದ್ದು

ನಮ್ಮ ಮೊಮ್ಮಗಳು ಮನೆಗೆ ಬಂದಳು! ಸೊಸೆ ತವರಿನಲ್ಲಿ ಬಾಣಂತನ ಮುಗಿಸಿಕೊಂಡು, ನಿನ್ನೆ ಮಧ್ಯಾಹ್ನ ಮಗುವಿನೊಂದಿಗೆ ನಮ್ಮ ಹೊಸಿಲು ದಾಟಿದಳು. ಆರತಿ ಎತ್ತುವಾಗ ಮಗುವನ್ನೇ ನೋಡುತ್ತಾ ಅರ್ಧ ಕೆಂಪುನೀರು ನನ್ನ ಸೀರೆಗೇ! ಮಗುವಿನ ಕೆನ್ನೆಯ ವಿಷಯ ಹೇಳಲು ಕೂತರೆ ಬೆಳಗಾಗುತ್ತದೆ. ಮೊದಲು ಅವಳ ತಾತನ ವಿಷಯ ಹೇಳಿಬಿಡುತ್ತೇನೆ.

ನಮ್ಮ ಯಜಮಾನರಷ್ಟು ಮೆತ್ತಗೆ ಮಾತಾಡುವ ಗಂಡಸು ಮದ್ದೂರು ತಾಲ್ಲೂಕಿನಲ್ಲೇ ಇಲ್ಲ. ಹುಟ್ಟಿನಿಂದ ಹಾಗಲ್ಲ ಮತ್ತೆ! ಒಂದು ಕಾಲಕ್ಕೆ ಅವರು ಗದ್ದೆಯಲ್ಲಿ ನಿಂತು ಯಾರನ್ನಾದರೂ ಕರೆದರೆ, ಹನಕೆರೆ ಸ್ಟೇಷನ್ನಿನಲ್ಲಿ ರೈಲು ಹೊರಡಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಕೆಟ್ಟದ್ದು ಮಗನ ಮದುವೆಯಲ್ಲಿ. ಬೀಗರು ಪುತ್ತೂರಿನ ಕಡೆಯವರು, ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ ಮಾತಾಡುವ ಜನ. ಊಟದ ಹೊತ್ತಿಗೆ ಇವರು ನನ್ನ ತಮ್ಮನನ್ನು ಕೂಗಿದರು:

“ಲೇ, ಎಲ್ಲಿ ಸತ್ತೋಗಿದ್ಯಲಾ? ಬಂದು ಉಣ್ಲಾ, ಅನ್ನ ತಣ್ಗಾಯ್ತದೆ!”

ಇದರಲ್ಲಿ ಏನಿದೆ ಹೇಳಿ? ಬರೀ ಪ್ರೀತಿ! ಆದರೆ ಹೆಣ್ಣಿನ ಕಡೆಯ ಇಬ್ಬರು ಜಗಳ ಬಿಡಿಸಲು ಓಡಿಬಂದರು. ನನ್ನ ತಮ್ಮ ಹಲ್ಲು ಕಿರಿಯುತ್ತಾ ಬಂದು ಕೂತು ಪಾಯಸ ಸೊರ್ರೆಂದು ಸುರಿಯುವುದನ್ನು ಕಂಡು ಪೆಚ್ಚಾದರು. ಆಮೇಲೆ ಕೈ ತೊಳೆಯುವ ಕಡೆ ಒಬ್ಬರು ನಗುತ್ತಿದ್ದರು: “ಮಂಡ್ಯದವರಲ್ವಾ ಮಾರಾಯ, ಊಟಕ್ಕೆ ಕರೆಯುವುದೂ ಹೊಡೀಲಿಕ್ಕೆ ಬಂದ ಹಾಗೆ!” ಅದು ಇವರ ಕಿವಿಗೆ ಬಿತ್ತು.

ಆವತ್ತಿನಿಂದ ಶುರು. ಮಳವಳ್ಳಿ ಬಸ್ಸಿನಲ್ಲಿ, “ದಯವಿಟ್ಟು ಒಂದು ಟಿಕೆಟ್ ಕೊಡುವಿರಾ?” ಕಂಡಕ್ಟರ್ ಗಾಬರಿಯಾಗಿ, “ಯಾಕ್ ಯಜಮಾನ್ರೇ, ಮೈಗ್ ಉಸಾರಿಲ್ವಾ?” ಎಂದು ಸೀಟು ಬಿಡಿಸಿಕೊಟ್ಟ. ಹಸುವಿಗೆ “ಸ್ವಲ್ಪ ಸರಿಯಿರಿ” ಎಂದರು. ಅದು ಇವರ ಪಾದ ತುಳಿದುಕೊಂಡೇ ನಿಂತಿತು. ಟೀ ಅಂಗಡಿಯ ಗೆಳೆಯನಿಗೆ “ಹೇಗಿದ್ದೀರಿ?” ಎಂದದ್ದಕ್ಕೆ ಅವನು, “ನಾನೇನ್ಲಾ ಮಾಡ್ದೆ ನಿಂಗೆ?” ಎಂದು ನೊಂದುಕೊಂಡು ಬೇರೆ ಬೆಂಚಿಗೆ ಹೋದ. ಇವರು ಆ ಅಂಗಡಿಯನ್ನೇ ಬಿಟ್ಟರು.

ನನ್ನ ಗತಿ? “ಏ ಇವಳೇ” ಎನ್ನುತ್ತಿದ್ದವರು “ನೋಡಿ, ನೀರು ಕೊಡುತ್ತೀರಾ?” ಎಂದಾಗ, ಯಾರದೋ ಮನೆಗೆ ನೆಂಟಳಾಗಿ ಬಂದ ಹಾಗಾಗುತ್ತಿತ್ತು. ಜಗಳವಾಡೋಣ ಎಂದರೆ ಎದುರಿಗೆ ಯಾರೂ ಇಲ್ಲ! ಸಂಜೆ ಜಗುಲಿಯಲ್ಲಿ ಕೂತಿರುತ್ತಿದ್ದೆವು, ಬಸ್ಸಿಗೆ ಕಾಯುವ ಗುರುತಿಲ್ಲದವರ ಹಾಗೆ.

ಮಗು ಹುಟ್ಟಿದರೆ ಸರಿಹೋದಾರು ಎಂದುಕೊಂಡೆ. “ಮಗುವನ್ನು ನಾನು ಮಾತಾಡಿಸುವುದಿಲ್ಲ,” ಎಂದರು. “ನನ್ನ ಮಾತು ಅದಕ್ಕೆ ಅಂಟಿಕೊಂಡರೆ, ನಾಳೆ ಅದನ್ನೂ ನೋಡಿ ನಗುತ್ತಾರೆ.” ನಿನ್ನೆಯೂ ಎತ್ತಿಕೊಳ್ಳಲಿಲ್ಲ. ಕಂಬದ ಪಕ್ಕ ನಿಂತು ನೋಡಿದರು. ತುಟಿ ಮಾತ್ರ ಅಲುಗುತ್ತಿತ್ತು.

ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಮಗಳನ್ನು ಬಿಡಲು ಬಂದಿದ್ದ ಬೀಗರಿಗೆ ಮುದ್ದೆ ಹೊಸತು. ಒಂದು ತುತ್ತು ಮುರಿದು, ಬಸ್ಸಾರಿನಲ್ಲಿ ಅದ್ದಿ, ಪಾಪ, ಅಗಿಯತೊಡಗಿದರು! ಅಗಿದರು, ಅಗಿದರು, ಹಲ್ಲಿಗೆಲ್ಲ ಮೆತ್ತಿ ಕಣ್ಣಲ್ಲಿ ನೀರು. ಮುದ್ದೆಗೆ ಹಲ್ಲು ತಾಗಿಸುವುದನ್ನು ನಮ್ಮ ಜನ ನೋಡಿಕೊಂಡು ಹೇಗೆ ಇರುತ್ತಾರೆ? ಯಜಮಾನರ ಕತ್ತಿನ ನರ ಉಬ್ಬಿತು. ತಡೆದರು, ತಡೆದರು.

“ಅಯ್ಯೋ, ಅಗೀಬ್ಯಾಡ ಕಣಯ್ಯಾ! ನುಂಗು!”

ಬೀಗರು ಗಾಬರಿಯಲ್ಲೇ ನುಂಗಿದರು, ಸಲೀಸಾಗಿ ಇಳಿಯಿತು.

“ಅಬ್ಬ! ನಿಮಗೆ ಮಾತು ಬರ್ತದಾ ಮಾರಾಯ್ರೇ?” ಎಂದರು. “ನಮ್ಮ ಸಂಬಂಧ ನಿಮಗೆ ಇಷ್ಟ ಇಲ್ಲ, ಅದಕ್ಕೇ ಇಷ್ಟು ದೂರ ಅಂತ ನಾನು ಗ್ರಹಿಸಿದ್ದೆ. ನನ್ನ ಹೆಂಡತಿ ಎಷ್ಟು ಅತ್ತಿದ್ದಾಳೆ!”

“ಇಷ್ಟ ಇಲ್ವಾ? ಯಾವನ್ಲಾ ಅಂದೋನು...” ಎಂದವರು ನಾಲಿಗೆ ಕಚ್ಚಿಕೊಂಡರು.

ಬೀಗರು ಹೊಟ್ಟೆ ಹಿಡಿದು ನಕ್ಕರು. ಸೊಸೆ ಎದ್ದುಬಂದು ಮಗುವನ್ನು ಇವರ ತೊಡೆಯ ಮೇಲೆ ಮಲಗಿಸಿದಳು. “ಮಾವ, ಇವಳ ಹತ್ರ ಮಾತಾಡಿ. ನಿಮ್ಮ ಹಾಗೇ ಮಾತಾಡಿ.”

ಇವರು ಮಗುವಿನ ಮುಖದ ಹತ್ತಿರಕ್ಕೆ ಬಗ್ಗಿದರು. “ಏನ್ ಕೂಸೇ, ಯಾರ್ ಗೊತ್ತಾ ನಾನು? ನಿಮ್ ತಾತ ಕಣೇ...”

ನಾವೆಲ್ಲ ಉಣ್ಣುತ್ತಿದ್ದೆವು. ಇವರು ಮಾತ್ರ ಕೈಯಲ್ಲಿದ್ದ ತುತ್ತು ಮರೆತು, ಇಷ್ಟು ದಿನದ ಮಾತನ್ನೆಲ್ಲ ಅವಳೊಬ್ಬಳಿಗೇ ಹೇಳುತ್ತಿದ್ದರು.