ಮಡಲ್‌ವಿಕ್ ಗ್ರಾಮದ ಸ್ಥಳೀಯ ರೊಟ್ಟಿ

ಇಂಗ್ಲೆಂಡಿನ ಮಡಲ್‌ವಿಕ್ ಗ್ರಾಮಕ್ಕೆ ಒಂದು ಐತಿಹ್ಯ ಇರತಕ್ಕದ್ದೆಂದು ಒಮಾನಿನ ಅಲ್ ಮಬೇಲಾದಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ 'ಪುರಾತನ ಇಂಗ್ಲೆಂಡ್ ಪ್ರವಾಸ ಕಚೇರಿ'ಯು ಸರ್ವಾನುಮತದಿಂದ ತೀರ್ಮಾನಿಸಿತು. ಗ್ರಾಮದವರನ್ನು ಕೇಳಲಿಲ್ಲ. ಕೇಳುವ ಪದ್ಧತಿ ಇರಲಿಲ್ಲ.

ಬರೆಯುವ ಕೆಲಸ ಬಾಗಲಕೋಟೆಯ ಸುವರ್ಣಾಳದು. ಎಂಟು ವರ್ಷಗಳಿಂದ ಒಂದೇ ಕುರ್ಚಿಯಲ್ಲಿ ಕೂತು ಆಕೆ ನಲವತ್ತಮೂರು ಇಂಗ್ಲಿಷ್ ಊರುಗಳ ಕೋಟೆ, ತಿಂಡಿ, ದೆವ್ವ ಎಲ್ಲವನ್ನೂ ಬರೆದಿದ್ದಳು. ಒಂದನ್ನೂ ಕಂಡವಳಲ್ಲ. ಒಮ್ಮೆ ಕಾಣಬೇಕು ಅನ್ನುವುದೊಂದೇ ಅವಳ ಆಸೆ. ಐದು ವರ್ಷ ದುಡಿದವರಿಗೆ ಒಂದು ಪ್ರವಾಸ ಉಚಿತವೆಂದು ಕರಾರಿನಲ್ಲೇ ಇತ್ತು. ಅರ್ಜಿ ಕೊಟ್ಟಾಗ ಮ್ಯಾನೇಜರ್ ಸಚ್ಚಿದಾನಂದರು ಇನ್ನೊಂದು ನಿಯಮ ತೆಗೆದು ತೋರಿಸಿದರು: ಒಂದು ಊರನ್ನು ಕಣ್ಣಾರೆ ಕಂಡ ನೌಕರರು ಮುಂದೆ ಯಾವ ಊರಿನ ಬಗ್ಗೆಯೂ ಬರೆಯುವಂತಿಲ್ಲ, ಕಂಡದ್ದು ಬರಹದೊಳಗೆ ನುಸುಳಿ ಸಂಸ್ಥೆಗೆ ಹಾನಿಯಾದೀತು. ಬರೆಯದವರಿಗೆ ವೀಸಾ ನವೀಕರಣವಿಲ್ಲ. ಅಂದರೆ ಆಕೆ ಧಾರಾಳವಾಗಿ ಹೋಗಬಹುದಿತ್ತು, ಕೆಲಸ ಬಿಟ್ಟರೆ. ದುಡಿಯುವವರಿಗೆ ಸಿಗುವ ಸವಲತ್ತುಗಳೆಲ್ಲ ಹೀಗೇ ಇರುತ್ತವೆ. ಆ ಡಿಸೆಂಬರಿಗೆ ಅವಳ ಕರಾರೂ ಮುಗಿಯುವುದಿತ್ತು.

ಆಕೆ ಬರೆದಳು: ಮಡಲ್‌ವಿಕ್‌ನ ಮುದುಕಿಯೊಬ್ಬಳು ದೊರೆಗೆ ಕಂದಾಯ ಕೊಡಲೊಲ್ಲದೆ ಚರ್ಚಿನ ಗಂಟೆಯೊಳಗೆ ಅಡಗಿಕೊಂಡಳು, ಇಂದಿಗೂ ಗಂಟೆ ಬಾರಿಸಿದರೆ ಅವಳು ದೊರೆಯನ್ನು ಬೈಯುವುದು ಕೇಳಿಸುತ್ತದೆ.

ಕರಡು ಇಂಗ್ಲೆಂಡ್ ವಿಭಾಗದ ಮುಖ್ಯಸ್ಥ ರಾಬರ್ಟ್ ಅವರ ಮೇಜಿಗೆ ಹೋಯಿತು. ಉಡುಪಿಯ ರಾಬರ್ಟ್ ಮೊದಲು ಒಮಾನಿನದೇ ಖಸಬ್ ಬಂದರಿನ ದೋಣಿ ವಿಹಾರ ನೋಡಿಕೊಳ್ಳುತ್ತಿದ್ದರು. ಹೆಸರಿನ ಆಧಾರದ ಮೇಲೆ ಅವರಿಗೆ ಇಂಗ್ಲೆಂಡ್ ವಹಿಸಲಾಗಿತ್ತು. ಕುದುರೆಯಿಲ್ಲದ ಐತಿಹ್ಯವನ್ನು ಜನ ನಂಬುವುದಿಲ್ಲವೆಂದು ಅವರು ಮುದುಕಿಗೊಂದು ಕುದುರೆ ಮಂಜೂರು ಮಾಡಿ ಸಹಿ ಹಾಕಿದರು. ಕುದುರೆಯೂ ಗಂಟೆಯೊಳಗೇ ಅಡಗಿತು.

ಒಮಾನಿನ ಕನ್ನಡಿಗರ ಮೊದಲ ತಂಡದಲ್ಲಿ ಸುವೈಕ್ ಪಟ್ಟಣದಿಂದ ಮಲ್ಲವ್ವ ಎಂಬ ಗಟ್ಟಿಗಿತ್ತಿ ಹೋಗಿದ್ದಳು. ಮಡಲ್‌ವಿಕ್‌ನ ಪಬ್ಬಿನಲ್ಲಿ ಆ ಮಧ್ಯಾಹ್ನ ಇದ್ದದ್ದು ಮಾಂಸದ ಕಡುಬು ಮಾತ್ರ. ತಂಡದಲ್ಲಿದ್ದವರು ಇಪ್ಪತ್ತೆಂಟು ಸಸ್ಯಾಹಾರಿಗಳು. ಮಲ್ಲವ್ವ ಚರ್ಚಿನ ಹುಲ್ಲುಹಾಸಿನ ಮೇಲೆ ಗಂಟು ಬಿಚ್ಚಿ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ಹಂಚಿದಳು. ಪಬ್ಬಿನ ಒಡತಿ ನಿಕೋಲ್ ಕೂಡ ಎರಡು ತಿಂದಳು. ಗೈಡ್ ಸುಮಿತ್ ಕಚೇರಿಯ ವರದಿ ಫಾರ್ಮಿನಲ್ಲಿ 'ಸ್ಥಳದಲ್ಲಿ ತಿಂದ ಆಹಾರ' ಎಂಬಲ್ಲಿ ಸತ್ಯವನ್ನೇ ಬರೆದ. ನಿಯಮ ಏಳರಂತೆ ಸ್ಥಳದಲ್ಲಿ ತಿಂದದ್ದೇ ಸ್ಥಳೀಯ ಆಹಾರ. ಮುಂದಿನ ಬ್ರೋಷರಿನಲ್ಲಿ ಅಚ್ಚಾಯಿತು: ಮಡಲ್‌ವಿಕ್‌ನ ಸಾಂಪ್ರದಾಯಿಕ ಜೋಳದ ರೊಟ್ಟಿ.

ಸುವರ್ಣಾ ತಡೆಯಲಾರದೆ ಮ್ಯಾನೇಜರ ಕೋಣೆಗೆ ಹೋದಳು. ರಾಬರ್ಟ್ ಅಲ್ಲೇ ಕೂತು ಸುಲೈಮಾನಿ ಚಹಾ ಕುಡಿಯುತ್ತಿದ್ದರು.

"ಸರ್, ರೊಟ್ಟಿ ನಮ್ದೈತ್ರಿ. ಅವ್ರು ಜೋಳದ ದಂಟು ಸೈತ ನೋಡಿಲ್ಲ."

"ಫಾರ್ಮಿಗೆ ಸೀಲ್ ಬಿದ್ದಾಗಿದೆ ಮಾರಾಯ್ರೆ," ಅಂದರು ಸಚ್ಚಿದಾನಂದ. "ಖಲಾಸ್. ಇನ್ನು ಅದು ಅವರದ್ದು."

"ಇಲ್ಲಿವರೆಗೆ ನಮ್ಮಿಂದ ತಕೊಂಡು ಹೋದದ್ದೆಲ್ಲ ಅವರದ್ದೇ ಆಗ್ಲಿಲ್ವಾ?" ಅಂದರು ರಾಬರ್ಟ್. "ರೊಟ್ಟಿಗೆ ಮಾತ್ರ ಯಾಕೆ ಬೇರೆ ನ್ಯಾಯ?"

ಎರಡನೆಯ ತಂಡಕ್ಕೆ ರೊಟ್ಟಿ ಸಿಗಲಿಲ್ಲ. ಸ್ಥಳೀಯರು ತಮ್ಮ ಒಳ್ಳೆಯ ಆಹಾರವನ್ನು ಬಚ್ಚಿಟ್ಟು ಕಡುಬು ಕೊಟ್ಟರೆಂದು ಮೂವತ್ತು ಜನ ದೂರು ಬರೆದರು. ಅಷ್ಟರಲ್ಲಿ ನಿಕೋಲಳ ಪತ್ರವೂ ಬಂತು. ನಮ್ಮ ಪೂರ್ವಿಕರು ರೊಟ್ಟಿ ಬಡಿಯುವುದನ್ನು ಯಾವಾಗ ಮರೆತರೋ ತಿಳಿಯದು, ನಾಚಿಕೆಯಾಗುತ್ತಿದೆ, ಬಲ್ಲವರನ್ನು ಕಳಿಸಿಕೊಡಿ, ಕಾಗದಪತ್ರ ನಾನೇ ಮಾಡಿಸುತ್ತೇನೆ ಎಂದಿತ್ತು. ಗಂಟೆಯ ಮುದುಕಿಗೆ ಗ್ರಾಮ ಸಮಿತಿ ಹಿತ್ತಾಳೆಯ ಫಲಕ ಹಾಕಿಸಿದೆಯೆಂದೂ, ತಮ್ಮ ಅಜ್ಜಿಯೇ ಈ ಕಥೆ ಹೇಳುತ್ತಿದ್ದಳೆಂದು ಆರು ಜನ ಹಿರಿಯರು ಬರೆದುಕೊಟ್ಟಿದ್ದಾರೆಂದೂ ಸೇರಿಸಿದ್ದಳು. ಕುದುರೆಯ ಬಗ್ಗೆ ಮಾತ್ರ ಇನ್ನೂ ಭಿನ್ನಾಭಿಪ್ರಾಯವಿತ್ತು.

ಕಚೇರಿಯಲ್ಲಿ ರೊಟ್ಟಿ ಬಡಿಯಬಲ್ಲವಳು ಸುವರ್ಣಾ ಒಬ್ಬಳೇ. ಅವಳು ಹೋಗುವಂತಿಲ್ಲ. ಸಚ್ಚಿದಾನಂದರು ಎರಡು ದಿನ ನಿಯಮಾವಳಿ ಓದಿ ಮೂರನೆಯ ದಿನ ನಗುತ್ತ ಹೊರಬಂದರು.

"ನೌಕರರು ಊರು ನೋಡಬಾರದು ಅಂತ ಉಂಟು. ಊರಿನವರು ತಮ್ಮ ಊರು ನೋಡಬಾರದು ಅಂತ ಎಲ್ಲಿಯೂ ಇಲ್ಲ."

ಸಂಜೆಯೊಳಗೆ ನೋಟಿಸ್ ಬೋರ್ಡಿಗೆ ಪ್ರಕಟಣೆ ಬಿತ್ತು: "ಕುಮಾರಿ ಸುವರ್ಣಾ ಇವರು ತಲೆಮಾರುಗಳಿಂದ ಮಡಲ್‌ವಿಕ್ ನಿವಾಸಿಗಳಾಗಿದ್ದು, ಎಂಟು ವರ್ಷಗಳ ಕಾಲ ತಾತ್ಕಾಲಿಕವಾಗಿ ಅಲ್ ಮಬೇಲಾದಲ್ಲಿ ಇದ್ದರೆಂದು ಈ ಮೂಲಕ ತಿಳಿಸಲಾಗಿದೆ. ಅವರ ಸಂಬಳವನ್ನು ಇನ್ನು ಮುಂದೆ 'ಪ್ರೇಕ್ಷಣೀಯ ಸ್ಥಳಗಳು' ಎಂಬ ಬಾಬ್ತಿನಿಂದ ಕೊಡಲಾಗುವುದು." ಅವಳ ವೀಸಾಕ್ಕೆ ಹೊಣೆಯಾಗಿದ್ದ ಒಮಾನಿ ಕಫೀಲ್ ಓದಿ ನೋಡಿ, ಹುಟ್ಟಿದೂರಿಗೆ ಹೋಗುವವರನ್ನು ತಡೆಯುವುದು ಪಾಪವೆಂದು ಹೇಳಿ, ಅವಳಿಗೊಂದು ಡಬ್ಬಿ ಹಲ್ವಾ ಕಟ್ಟಿಸಿಕೊಟ್ಟ.

ಸುವರ್ಣಾ ಹೋದಳು. ಊರು ಅವಳು ಬರೆದಿದ್ದಕ್ಕಿಂತ ಚಿಕ್ಕದಿತ್ತು, ಹಸಿರು ಮಾತ್ರ ಹೆಚ್ಚಿತ್ತು. ಮೊದಲ ಮೂರು ದಿನ ಆಕೆ ಸುಮ್ಮನೆ ನಡೆದಾಡಿ ಕಂಡದ್ದನ್ನೆಲ್ಲ ಮುಟ್ಟಿ ನೋಡಿದಳು. ನಾಲ್ಕನೆಯ ದಿನ ಪಬ್ಬಿನ ಒಲೆಯ ಮುಂದೆ ಹಿಟ್ಟು ನಾದಲು ಕೂತಳು. ಊರಿನವರು ರೊಟ್ಟಿ ತಿಂದು, ಇದು ನಮ್ಮ ಬಾಲ್ಯದ ರುಚಿಯೆಂದು ಕಣ್ಣು ಒರೆಸಿಕೊಂಡರು.

ಆ ಶನಿವಾರ ಮಸ್ಕತ್ತಿನ ಪ್ರವಾಸಿಗರ ಬಸ್ಸು ಬಂತು. ಗದಗಿನ ಕಡೆಯ ಉಮಾಶ್ರೀ ಎಂಬಾಕೆ ತಟ್ಟೆ ಹಿಡಿದು ನಿಂತು, ಬಡಿಯುವ ಕೈಯನ್ನೇ ಬಹಳ ಹೊತ್ತು ನೋಡಿದಳು.

"ಇಲ್ಲಿಯವ್ರೇನ್ರಿ ನೀವು?"

ನಿಕೋಲ್ ಸುವರ್ಣಾಳನ್ನೇ ನೋಡುತ್ತಿದ್ದಳು. ಫಲಕ ಹಾಕಿಸಿದ ಸಮಿತಿಯವರೂ ನೋಡುತ್ತಿದ್ದರು.

"ಹೌದ್ರಿ," ಅಂದಳು ಸುವರ್ಣಾ. "ತಲಿ ತಲಾಂತರದಿಂದ ಇಲ್ಲೇ."

"ನೋಡವಾ, ಈ ಕಡೆ ಮಂದಿ ಕನ್ನಡ ಎಷ್ಟ್ ಚಂದ ಮಾತಾಡ್ತಾರ," ಅಂದಳು ಉಮಾಶ್ರೀ ಪಕ್ಕದವಳಿಗೆ. ಆಮೇಲೆ ಕನಿಕರದಿಂದ ಕೇಳಿದಳು, "ಮಸ್ಕತ್ ನೋಡೀರೇನ್ರಿ?"

"ಎಲ್ಲಿದ್ರಿ ಅಕ್ಕಾರ," ಅಂದಳು ಸುವರ್ಣಾ, ರೊಟ್ಟಿ ತಿರುವಿ ಹಾಕುತ್ತ. "ನೋಡ್ಬೇಕಂತ ಬಾಳ ಆಸೆ ಐತಿ. ಕಂಪನಿಯವ್ರು ರಜಾ ಕೊಡಂಗಿಲ್ಲ."