ಸರಕಾರ ಕೂಡಿಸಿಕೊಟ್ಟ ಕಾಲು

ಪುಕ್ಕಟೆ ಸಿಕ್ಕಿದ್ದನ್ನು ಬೈಯುವಷ್ಟು ಧಾರಾಳವಾಗಿ ನಾನು ದುಡ್ಡು ಕೊಟ್ಟು ಕೊಂಡದ್ದನ್ನು ಎಂದೂ ಬೈದವನಲ್ಲ. ಕೊಂಡು ತಂದ ಚಪ್ಪಲಿ ಕಚ್ಚಿದರೆ ನನ್ನ ಕಾಲನ್ನೇ ದೂರುತ್ತೇನೆ, ಏಕೆಂದರೆ ಚಪ್ಪಲಿ ಆರಿಸಿದವನು ನಾನೇ. ಬಿಟ್ಟಿ ಪ್ರಸಾದದಲ್ಲಿ ಗೋಡಂಬಿ ಕಡಿಮೆಯಾದರೆ ಮಾತ್ರ ದೇವಸ್ಥಾನದ ಆಡಳಿತವೇ ಸರಿಯಿಲ್ಲ ಎನ್ನುತ್ತೇನೆ. ನನ್ನ ಈ ಗುಣ ಪೂರ್ತಿಯಾಗಿ ಅರಳಿದ್ದು ಬಲಗಾಲು ಮುರಿದ ಮೇಲೆ.

ಫೋರ್ಟಿನಲ್ಲಿ ನನ್ನ ಆಫೀಸು. ಮಧ್ಯಾಹ್ನ ಊಟಕ್ಕೆಂದು ಗಲ್ಲಿ ದಾಟುತ್ತಿದ್ದಾಗ ಟೆಂಪೊವೊಂದು ಹಿಮ್ಮುಖವಾಗಿ ಬಂದು ನನ್ನನ್ನು ಕೆಡವಿತು. ಎದುರಿನಿಂದ ಬರುವ ಗಾಡಿ ನೋಡಿಕೊಂಡು ದಾಟಬೇಕೆಂದು ಅಮ್ಮ ಕಲಿಸಿದ್ದಳು. ಬೆನ್ನು ತೋರಿಸಿಕೊಂಡು ಬರುವ ಗಾಡಿಯ ವಿಷಯ ಅವಳಿಗೂ ಹೊಳೆದಿರಲಿಲ್ಲ. ಯಾರೋ ಪುಣ್ಯಾತ್ಮರು ಟ್ಯಾಕ್ಸಿಗೆ ಹಾಕಿ ಸರಕಾರಿ ಆಸ್ಪತ್ರೆಗೆ ಸೇರಿಸಿದರು. ಆಪರೇಶನ್, ಮೂಳೆಯೊಳಗಿನ ರಾಡು, ಔಷಧ ಎಲ್ಲವೂ ಸರಕಾರದ ಖರ್ಚು. ನಾನು ಕೊಟ್ಟದ್ದು ಒಂದು ಸಹಿ ಮಾತ್ರ. ಮುಂದೆ ಟೆಂಪೊದ ಇನ್ಶುರೆನ್ಸಿನಿಂದ ಪರಿಹಾರ ಬಂದರೆ ಚಿಕಿತ್ಸೆಯ ಖರ್ಚನ್ನು ಆಸ್ಪತ್ರೆಗೆ ಮರಳಿಸುತ್ತೇನೆ ಎಂದು ಅದರಲ್ಲಿತ್ತು. ಆ ನೋವಿನಲ್ಲಿ ಮನೆಯನ್ನೇ ಬರೆದುಕೊಡಿ ಎಂದಿದ್ದರೂ ಬರೆದುಕೊಡುತ್ತಿದ್ದೆ.

ವಾರ್ಡಿನಲ್ಲಿ ಮಲಗಿ ನಾನು ಮಾಡಿದ ಮುಖ್ಯ ಕೆಲಸ ದೂರುವುದು. ದಾಲಿನಲ್ಲಿ ಬೇಳೆ ಕಾಣುವುದಿಲ್ಲ, ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಮಾತಾಡುತ್ತದೆ, ನರ್ಸಮ್ಮ ನಗುವುದಿಲ್ಲ. ಇದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡವರು ಪಕ್ಕದ ಹಾಸಿಗೆಯ ಹುಸೇನಸಾಬರು. ವಿಜಯಪುರದ ಕಡೆಯವರು, ಬಿಲ್ಡಿಂಗುಗಳಿಗೆ ಬಣ್ಣ ಬಳಿಯುವ ಕೆಲಸ. ಯಾವುದೋ ಕಾರು ಅವರನ್ನು ಕೆಡವಿ ನಿಲ್ಲದೆ ಹೋಗಿತ್ತು. "ದಾಲ್ ನೀರಾದ್ರ ಏನಾತ್ರಿ ಸಾಹೇಬ್ರ, ಒಳ್ಳೇದ ಆತು, ರೊಟ್ಟಿ ಲಗೂನ ನೆನಿತೈತಿ," ಎಂದು ತಮ್ಮ ಹೆಂಡತಿ ತಂದ ಜೋಳದ ರೊಟ್ಟಿಯಲ್ಲಿ ಅರ್ಧ ನನಗೆ ಮುರಿದು ಕೊಡುತ್ತಿದ್ದರು. ಆ ರೊಟ್ಟಿ ಗಟ್ಟಿಯೆಂದು ಸಂಜೆ ಹೆಂಡತಿಯ ಹತ್ತಿರ ದೂರಿದ್ದೂ ಉಂಟು.

ನನ್ನ ಕಾಲು ಕೂಡಿತು, ಆಫೀಸಿಗೂ ಹೋಗತೊಡಗಿದೆ. ಕೋರ್ಟಿನ ತಾರೀಕುಗಳು ಬಂದು ಬಂದು ಕೊನೆಗೊಮ್ಮೆ ಪರಿಹಾರವೂ ಬಂತು. ಸಯನ್ನಿನ ನಮ್ಮ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸುವುದೆಂದು ನಾನು ನಿರ್ಧರಿಸಿ ಬಣ್ಣವನ್ನೂ ಆರಿಸಿಟ್ಟೆ. ಅಷ್ಟರಲ್ಲಿ ಆಸ್ಪತ್ರೆಯ ಕಾಗದ ಬಂತು. ಚಿಕಿತ್ಸೆಯ ಖರ್ಚನ್ನು ಮರಳಿಸಿ ಎಂದು ವಿನಯದಿಂದಲೇ ಕೇಳಿದ್ದರು.

"ನೋಡಿದೆಯಾ ವಸಂತಿ, ಪುಕ್ಕಟೆ ಅಂತ ಹೇಳಿ ಈಗ ಬಿಲ್ಲು ಕಳಿಸಿದ್ದಾರೆ," ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಉಡುಪಿಯ ಕಡೆಯವಳಾದ ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ಪರಿಹಾರದಲ್ಲಿ ಚಿಕಿತ್ಸೆಯ ಖರ್ಚು ಅಂತ ಬೇರೆಯೇ ಉಂಟಲ್ಲ? ನೀವು ಆಸ್ಪತ್ರೆಗೆ ಎಷ್ಟು ಖರ್ಚು ಮಾಡಿದ್ದು?"

"ನೋವು ತಿಂದಿದ್ದೇನೆ."

"ನೋವಿನದ್ದು ಬೇರೆ ಕೊಟ್ಟಿದ್ದಾರೆ. ಅದನ್ನು ಆಸ್ಪತ್ರೆಯವರು ಕೇಳ್ಲಿಲ್ಲ ಮಾರಾಯ್ರೆ."

ಇಷ್ಟಾದ ಮೇಲೂ ನಾನು ಆಸ್ಪತ್ರೆಗೆ ಹೊರಟದ್ದು ಕೊಡುವುದಕ್ಕಲ್ಲ, ಚೌಕಾಶಿಗೆ. ಮೊದಲ ಎಕ್ಸ್‌ರೇ ಮಸುಕಾಗಿ ಬಂದಿತ್ತು, ಅದಕ್ಕೂ ನಾನೇಕೆ ತೆರಬೇಕು ಎಂದು ಕೌಂಟರಿನ ಹೆಂಗಸನ್ನು ಕೇಳಿದೆ. ಆಕೆ ನನ್ನ ಫೈಲು ತಿರುವಿ, ಮರಾಠಿ ಬೆರೆಸಿದ ಹಿಂದಿಯಲ್ಲಿ, ತೆಗೆಯುವಾಗ ಪೇಶಂಟು ಅಲುಗಾಡಿದರು ಎಂದು ಬರೆದಿದೆ ಎಂದಳು. ಹಿಂದೆ ನಿಂತವರು ನಕ್ಕರು. ನಾನು ಚೆಕ್ಕು ಬರೆದೆ. ಹೊಸ ಟೈಲ್ಸ್ ಅರ್ಧ ಗೋಡೆಗೆ ಸಾಕು ಎಂದು ಅಲ್ಲೇ ಮನಸ್ಸನ್ನು ಒಪ್ಪಿಸಿಕೊಂಡರೂ ಹೊಟ್ಟೆಯುರಿ ಮಾತ್ರ ಹೊರಗೆ ಬಂದರೂ ಆರಲಿಲ್ಲ.

ಗೇಟಿನ ಹೊರಗಿನ ಬಸ್‌ಸ್ಟಾಪಿನಲ್ಲಿ ಹುಸೇನಸಾಬರು ನಿಂತಿದ್ದರು. ಗುರುತು ಹಿಡಿದವರು ಅವರೇ. ಕಂಕುಳಲ್ಲಿ ಊರುಗೋಲಿತ್ತು, ಕಾಲಿಗೆ ವ್ಯಾಯಾಮ ಮಾಡಿಸಿಕೊಂಡು ಬಂದಿದ್ದರು. ಏಣಿ ಹತ್ತುವಂತಿಲ್ಲ, ಬಣ್ಣದ ಕೆಲಸ ಬಿಟ್ಟಾಯಿತು, ಪವಾಯಿಯಲ್ಲಿ ಒಂದು ಬಿಲ್ಡಿಂಗಿನ ಬಾಗಿಲು ಕಾಯುತ್ತೇನೆ ಎಂದರು. ಅದನ್ನು ಕೇಳಿ ಸುಮ್ಮನಿರಬೇಕಾದ ನಾನು ನನ್ನ ಸಂಕಟ ತೋಡಿಕೊಂಡೆ: ಕೈಗೆ ಬಂದದ್ದರಲ್ಲಿ ದೊಡ್ಡ ಪಾಲನ್ನು ಈಗಷ್ಟೇ ಒಳಗೆ ಕಟ್ಟಿ ಬಂದೆ, ಹೇಗಾಗಬೇಡ ಹೇಳಿ ಎಂದೆ.

ಅವರು ರಸ್ತೆಯ ಕಡೆ ನೋಡುತ್ತ ಹೇಳಿದರು. "ನನಗ ಬಡದಂವ ಸಿಗಲೇ ಇಲ್ರಿ ಸಾಹೇಬ್ರ. ಅಂಥವ್ರಿಗೂ ಸರಕಾರದವ್ರು ಏನೋ ಕೊಡ್ತಾರಂತ, ಅರ್ಜಿ ಹಾಕೇನಿ, ನೋಡೂಣು. ಅಂವ ಸಿಕ್ಕಿದ್ದರ ನಾನೂ ನಿಮ್ಹಂಗ ಬಂದು ತುಂಬತಿದ್ದೆ."

ಆ ಮಾತಿನಲ್ಲಿ ಕೊಂಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಕೊಡುವ ಭಾಗ್ಯವೂ ಒಂದು ಭಾಗ್ಯವೆಂಬಂತೆ ಅವರು ಹೇಳಿದರು. ಅವರ ಕೈ ಹಿಡಿದುಕೊಳ್ಳೋಣವೆನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು.

ಅಂಗವಿಕಲರ ಸೀಟಿನಲ್ಲಿ ಒಂದೇ ಜಾಗ ಖಾಲಿಯಿತ್ತು. ಹುಸೇನಸಾಬರು ಕಂಬಿ ಹಿಡಿದು ನಿಂತು, "ನೀವ ಕುಂದರ್ರಿ ಸಾಹೇಬ್ರ, ನಿಮ್ದು ದಿನಾ ಆಫೀಸಿಗೆ ಹೋಗೂ ಕಾಲು," ಎಂದರು. ಛೇ ಛೇ, ನೀವು ಕೂತುಕೊಳ್ಳಿ ಎಂದೆ. ಮತ್ತೊಮ್ಮೆಯೂ ಎಂದೆ. ಇನ್ನೊಂದು ಸಲ ಹೇಳಿದರೆ ಎಲ್ಲಿ ಒಪ್ಪಿಬಿಡುತ್ತಾರೋ ಎಂದು ಹೆದರಿ ಕೂತುಬಿಟ್ಟೆ.